ದೀಪಕ್ಕೆ ಕಟ್ಟಿದ ಗುಡಿ

ಕಾಮನಬಿಲ್ಲು ಕಾಣಬೇಕಾದರೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು. ಹಿಂದೂಪುರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನಾನು ಈ ಮಾತನ್ನು ಪ್ರತಿ ವರ್ಷ ಹೇಳುತ್ತೇನೆ, ಮಕ್ಕಳು ಪ್ರತಿ ವರ್ಷ ಪರೀಕ್ಷೆಯಲ್ಲಿ ಅದನ್ನು ತಿರುಗಿಸಿ ಬರೆಯುತ್ತಾರೆ. ನನ್ನ ಪಾಠ ಅರ್ಧ ಇಂಗ್ಲಿಷಿನಲ್ಲಿ, ಬೈಗುಳ ತೆಲುಗಿನಲ್ಲಿ, ತೀರಾ ಸಿಟ್ಟು ಬಂದರೆ ಕನ್ನಡದಲ್ಲಿ. ಬಿಲ್ಲಿನ ಪಾಠದ ದಿನ ನನಗೆ ಕನ್ನಡ ಬೇಗ ಬರುತ್ತದೆ. ಅದಕ್ಕೆ ಕಾರಣ ಮಕ್ಕಳಲ್ಲ.

ಪಾಠವೇನೋ ಸುಲಭ. ಎದುರಿಗೆ ಮಳೆ ಇರಬೇಕು, ಹಿಂದೆ ಬಿಸಿಲಿರಬೇಕು. ಹೊತ್ತು ಕೆಳಗಿಳಿದಷ್ಟೂ ಬಿಲ್ಲು ಮೇಲೇಳುತ್ತದೆ. ಮಧ್ಯಾಹ್ನ ಹೊತ್ತು ನೆತ್ತಿಯ ಮೇಲಿರುವಾಗ ಎಷ್ಟು ಸುರಿದರೂ ಬಿಲ್ಲು ಕಾಣದು, ಅದು ನೆಲದ ಅಂಚಿನ ಕೆಳಗೆ ಹೋಗಿರುತ್ತದೆ. ನಮ್ಮ ಸೀಮೆಯಲ್ಲಿ ಮಳೆ ಬರುವುದೇ ಹೆಚ್ಚಾಗಿ ಸಾಯಂಕಾಲ, ಆದ್ದರಿಂದ ಬಿಲ್ಲು ಮೂಡಲ ಕಡೆ ಬೀಳುತ್ತದೆ. ಬೆಳಿಗ್ಗೆ ಪಡುವಲ ಕಡೆ ಬಿಲ್ಲು ನೋಡಿದವರು ನಮ್ಮಲ್ಲಿ ಕಡಿಮೆ. ಇನ್ನು ಹೊತ್ತು ಪೂರ್ತಿ ಅಡಿಗೆ ಇಳಿದು ಮುಳುಗುವಾಗ ಮಳೆ ಇದ್ದರೆ, ಆ ಬೆಳಕು ಅಷ್ಟು ದೂರ ಗಾಳಿಯಲ್ಲಿ ಹಾದು ಬರುವಷ್ಟರಲ್ಲಿ ನೀಲಿ, ಹಸಿರೆಲ್ಲ ಚದುರಿಹೋಗಿ ಬರೀ ಕೆಂಪು ಉಳಿದಿರುತ್ತದೆ. ಆಗ ಬೀಳುವ ಬಿಲ್ಲು ಒಂದೇ ಬಣ್ಣದ್ದು. ಅಂಥದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ನೋಡದೆ ಇದ್ದಿದ್ದರೆ ಚೆನ್ನಾಗಿತ್ತು.

ಚಂದ್ರನ ಸುತ್ತ ಕಾಣುವ ಉಂಗುರ ಬೇರೆ ಬಾಬತ್ತು. ಬಹಳ ಎತ್ತರದಲ್ಲಿ ತೆಳ್ಳಗೆ ಹರಡಿದ ಮೋಡದಲ್ಲಿ ಹಿಮದ ಹರಳುಗಳಿರುತ್ತವೆ, ಬೆಳಕು ಅವುಗಳಲ್ಲಿ ಬಾಗಿ ಬಳೆಯಂತೆ ಕಾಣುತ್ತದೆ. ಅದಕ್ಕೆ ನಮ್ಮ ಕಡೆ ಕನ್ನಡದವರೂ ತೆಲುಗಿನವರೂ ಗುಡಿ ಎನ್ನುತ್ತಾರೆ. ‘ದೂರಂ ಗುಡಿ, ದಗ್ಗರ ವಾನ’ ಎಂದು ಗಾದೆ. ಗುಡಿ ಚಂದ್ರನಿಂದ ದೂರಕ್ಕೆ ದೊಡ್ಡದಾಗಿ ಕಟ್ಟಿದರೆ ಮಳೆ ಹತ್ತಿರದಲ್ಲೇ ಇದೆ ಎಂದರ್ಥ. ಗಾದೆ ಪೂರ್ತಿ ಸುಳ್ಳಲ್ಲ, ಮಳೆ ತರುವ ಮೋಡಗಳ ಮುಂದೆ ಇಂಥ ತೆಳು ಮೋಡ ಬರುವುದುಂಟು. ಮಳೆಗೆ ಹೆದರುವ ಊರಲ್ಲಿ, ಮಳೆಗೆ ಬಾಯಿ ಬಿಡುವ ಊರಲ್ಲಿ ಜನ ಚಂದ್ರನನ್ನು ಚಂದಕ್ಕೆ ನೋಡುವುದಿಲ್ಲ.

ನನ್ನ ತವರು ಕಲ್ಯಾಣದುರ್ಗದಿಂದ ಕುಂದುರ್ಪಿ ಬಸ್ಸು ಹಿಡಿದು ಹೋಗಬೇಕಾದ ಒಂದು ಹಳ್ಳಿ. ಸುತ್ತ ಕಡಲೆಕಾಯಿ ಹೊಲ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡರು. ಅಲ್ಲಿಂದ ಮನೆಯ ಯಜಮಾನಿಕೆ ಅಪ್ಪನ ಅಣ್ಣನದು, ಅಂದರೆ ನನ್ನ ದೊಡ್ಡಪ್ಪನದು. ದೊಡ್ಡಪ್ಪ ಕೆಟ್ಟವನೆಂದು ಯಾರೂ ಹೇಳಲಾರರು. ನನ್ನನ್ನು ಓದಿಸಿದ್ದೂ ಅವನೇ, ಮದುವೆ ಮಾಡಿದ್ದೂ ಅವನೇ. ಆದರೆ ಅಮ್ಮನ ಜೊತೆ ಒಂದು ಮಾತು ಆಡಿದವನಲ್ಲ. ಸಿಟ್ಟಲ್ಲ, ಅದು ಪದ್ಧತಿ. ತಮ್ಮನ ಹೆಂಡತಿಯನ್ನು ಗಂಡಸು ನೇರವಾಗಿ ಮಾತಾಡಿಸಬಾರದು, ಆಕೆ ಬಾವನ ಎದುರು ಕೂರಬಾರದು, ದನಿ ಎತ್ತಬಾರದು. ದೊಡ್ಡಪ್ಪನಿಗೆ ನೀರು ಬೇಕಾದರೆ ಎದುರಲ್ಲೇ ಇರುವ ಅಮ್ಮನನ್ನು ಬಿಟ್ಟು ಹಿತ್ತಲಲ್ಲಿರುವ ದೊಡ್ಡಮ್ಮನನ್ನು ಕೂಗುತ್ತಿದ್ದ. “ನೀರು ಕೊಡ್ಬೇಕಂತ ಹೇಳೇ” ಎಂದು ಗೋಡೆಗೆ ಹೇಳುತ್ತಿದ್ದ. ಗೋಡೆ ಹೇಗೂ ಕೊಡುವುದಿಲ್ಲ, ಅಮ್ಮ ತಂದು ಹೊಸಿಲ ಮೇಲಿಟ್ಟು ಸರಿದುಕೊಳ್ಳುತ್ತಿದ್ದಳು. ಈಗಿನ ಕಾಲದಲ್ಲಿ ಇದೆಲ್ಲ ಎಲ್ಲಿದೆ ಎಂದು ನನ್ನ ಜೊತೆ ಕೆಲಸ ಮಾಡುವವರು ಕೇಳುತ್ತಾರೆ. ನಮ್ಮ ಮನೆಯಲ್ಲಿತ್ತು.

ಹಾಗಾಗಿ ಆ ಮನೆಯಲ್ಲಿ ಅಮ್ಮನ ಮಾತಿಗೆ ಬೆಲೆ ಇರಲಿಲ್ಲ ಎನ್ನುವುದೂ ತಪ್ಪಾದೀತು. ಬೆಲೆ ಕಟ್ಟುವುದಕ್ಕೆ ಮಾತೇ ಇರಲಿಲ್ಲ. ಬಿತ್ತನೆ ಬೀಜ ಯಾವುದು, ಕುರಿ ಮಾರುವುದು ಯಾವಾಗ, ಯಾರ ಮನೆಯ ಮದುವೆಗೆ ಯಾರು ಹೋಗಬೇಕು, ಒಂದನ್ನೂ ಅವಳನ್ನು ಕೇಳಿದವರಿಲ್ಲ. ಕಡಲೆಕಾಯಿ ಸುಲಿಯುವುದು, ಕಸ ಹೊಡೆಯುವುದು, ಎಲ್ಲರೂ ಉಂಡ ಮೇಲೆ ಉಣ್ಣುವುದು. ನಾನು ಮದುವೆಯಾಗಿ ಹಿಂದೂಪುರಕ್ಕೆ ಬಂದ ಮೇಲೆ ಫೋನಿನಲ್ಲಿ ನನ್ನ ಹತ್ತಿರವಾದರೂ ಮಾತಾಡಲಿ ಎಂದರೆ, “ಚೆನ್ನಾಗಿದೀಯಾ? ಉಂಡ್ಯಾ? ಸರಿ ಇಡ್ತೀನಿ” ಎಂದು ಇಟ್ಟುಬಿಡುತ್ತಿದ್ದಳು.

ಅಂಥವಳು ಒಂದು ವರ್ಷ ಕಡಲೆಕಾಯಿ ಕೀಳುವ ಹೊತ್ತಿಗೆ ದೊಡ್ಡಮ್ಮನ ಹತ್ತಿರ, “ಚಂದ್ರಂಗೆ ಬಣ್ಣ ಬಣ್ಣದ ಗುಡಿ ಕಟ್ಟೈತೆ ಕಣಕ್ಕಾ, ಎಷ್ಟು ದೊಡ್ಡದು ನೋಡು” ಎಂದಳಂತೆ. ದೊಡ್ಡಮ್ಮನಿಗೆ ಕಾಣಲಿಲ್ಲ. ತನ್ನ ಕಣ್ಣಿಗೆ ಪೊರೆ ಬಂದಿದೆ, ಕಾಣದ್ದಕ್ಕೆ ಅದೇ ಕಾರಣ ಎಂದುಕೊಂಡು ಗಂಡನಿಗೆ ಹೇಳಿದಳು.

ಇಲ್ಲಿ ನಮ್ಮ ಕಡೆಯ ಒಂದು ಕೆಲಸದ ವಿಚಾರ ಹೇಳಬೇಕು. ಕಡಲೆಬಳ್ಳಿ ಕಿತ್ತ ಕೂಡಲೇ ಕಾಯಿ ಬಿಡಿಸುವುದಿಲ್ಲ. ಬಳ್ಳಿಯನ್ನು ಹೊಲದಲ್ಲೇ ಸಾಲಾಗಿ ಹರವಿ ಬಿಸಿಲಿಗೆ ಬಿಡುತ್ತಾರೆ, ಒಣಗಿದ ಮೇಲೆ ಮೆದೆ ಹಾಕುತ್ತಾರೆ. ಹರವಿದ ಬಳ್ಳಿಯ ಮೇಲೆ ಮಳೆ ಬಿದ್ದರೆ ಕಾಯಿ ಕಪ್ಪಾಗುತ್ತದೆ, ಮೇವು ಕೊಳೆಯುತ್ತದೆ. ಕೀಳದೆ ತಡ ಮಾಡಿದರೆ ಕಾಯಿ ನೆಲದೊಳಗೇ ಉಳಿದು ಮೊಳಕೆ ಒಡೆಯುತ್ತದೆ. ಆದ್ದರಿಂದ ಕೀಳುವ ದಿನ ಯಾವುದು ಎನ್ನುವುದೇ ಆ ದಿನಗಳಲ್ಲಿ ಊರಿನ ಏಕೈಕ ಮಾತು. ಎಲ್ಲರ ಕೈಯಲ್ಲೂ ಫೋನಿದೆ, ಅದರಲ್ಲಿ ಮೋಡದ ಚಿತ್ರ ಬರುತ್ತದೆ. “ಅದು ಕಲ್ಯಾಣದುರ್ಗಕ್ಕೆ ಹೇಳೋದು, ನಮ್ಮ ಹೊಲಕ್ಕಲ್ಲ” ಎನ್ನುತ್ತಾನೆ ದೊಡ್ಡಪ್ಪ. ಅದೂ ನಿಜವೇ, ನಮ್ಮಲ್ಲಿ ಮಳೆ ಎತ್ತಿನ ಒಂದು ಕೊಂಬು ನೆನೆಸಿ ಇನ್ನೊಂದನ್ನು ಬಿಡುತ್ತದೆ.

ಆ ವರ್ಷ ಕೀಳುವ ಕೂಲಿಯವರು ಬಾರದೆ ದೊಡ್ಡಪ್ಪನ ಕೆಲಸ ತಾನಾಗಿಯೇ ಮುಂದಕ್ಕೆ ಹೋಗಿತ್ತು. ಅಮ್ಮ ಗುಡಿ ಕಂಡ ಮಾರನೆಯ ದಿನ ಮಳೆ ಬಂತು. ಪಕ್ಕದ ಹೊಲದವರ ಬಳ್ಳಿ ನೆನೆದು ಹಾಳಾಯಿತು, ನಮ್ಮದು ಉಳಿಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ದೊಡ್ಡಪ್ಪ ಕೂಲಿಯವರನ್ನು ಬೈದದ್ದು ಮರೆತ, “ನಮ್ಮನೇಲಿ ಮೊದ್ಲೇ ಗೊತ್ತಾಗಿತ್ತು” ಎಂದು ಊರೆಲ್ಲ ಹೇಳಿಕೊಂಡು ಬಂದ.

ಆಮೇಲೆ ಅಮ್ಮನನ್ನು ಕೇಳುವುದು ಶುರುವಾಯಿತು. ಮೊದಲು ದೊಡ್ಡಮ್ಮನ ಮೂಲಕ. “ಕೇಳೇ, ಇವತ್ತು ಗುಡಿ ಐತಾ ಅಂತ.” ಅಮ್ಮ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ವಿಚಿತ್ರವೆಂದರೆ ಅವಳು ಇದೆ ಎಂದ ದಿನಗಳಲ್ಲಿ ಸುಮಾರು ಸಲ ಮೋಡ ಕವಿದು ಒಂದೆರಡು ದಿನದಲ್ಲಿ ಮಳೆ ಬರುತ್ತಿತ್ತು. ಅಕ್ಕಪಕ್ಕದವರು ಬರತೊಡಗಿದರು. “ವದಿನಾ, ವಾನ ವಸ್ತಾದಾ?” ಎಂದು ಮಳೆ ಬರುವುದನ್ನು ಕೇಳುವ ತೆಲುಗಿನವರು, “ಅಕ್ಕಾ, ಕೀಳ್ಬೋದಾ?” ಎಂದು ಕನ್ನಡದವರು. ಒಂದು ಸಂಜೆ ದೊಡ್ಡಮ್ಮ ಮನೆಯಲ್ಲಿಲ್ಲದಾಗ ದೊಡ್ಡಪ್ಪನಿಗೆ ತಡೆಯಲಾಗದೆ, ಗೋಡೆಯನ್ನು ಬಿಟ್ಟು, ಅಮ್ಮನನ್ನೇ ನೋಡಿ, “ಏನಮ್ಮಾ, ಹೆಂಗೈತೆ ಆಕಾಶ?” ಎಂದುಬಿಟ್ಟನಂತೆ. ಮದುವೆಯಾಗಿ ಬಂದಂದಿನಿಂದ ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಅಂದು ಅಮ್ಮ ತಾನಾಗಿಯೇ ನನಗೆ ಫೋನು ಮಾಡಿದಳು.

“ಬಾವನೋರು ನನ್ನೇ ಕೇಳುದ್ರು ಕಣೇ. ನನ್ನ ಮಖ ನೋಡಿ ಕೇಳುದ್ರು.”

“ಏನು ಕೇಳಿದ್ರು?”

“ಮಳೆ ಬತ್ತದಾ ಅಂತ. ಚಂದ್ರಂಗೆ ಗುಡಿ ಐತೆ, ಬತ್ತದೆ ಅಂದೆ.”

ಆ ದನಿಯಲ್ಲಿದ್ದ ಹಿಗ್ಗನ್ನು ನಾನು ಅಮ್ಮನಲ್ಲಿ ಹಿಂದೆಂದೂ ಕೇಳಿರಲಿಲ್ಲ. ನನಗೂ ಸಂತೋಷವೇ ಆಯಿತು. ಚಂದ್ರನ ಗುಡಿ ಪುಸ್ತಕದಲ್ಲೂ ಇದೆ, ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಗುಡಿ ಕಾಣುವಾಗ ಬರುತ್ತಿದ್ದ ತಲೆನೋವಿನ ವಿಷಯ ಮಾತ್ರ ಅವಳು ನನಗೆ ಹೇಳಲಿಲ್ಲ, ಆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮುಂದಿನ ವರ್ಷ ಕಾರ್ತಿಕ ಹುಣ್ಣಿಮೆಗೆ ತವರಿಗೆ ಹೋದೆ. ಹೋಗಿ ನೋಡಿದರೆ ಜಗಲಿಯ ಮೇಲೆ ಅಮ್ಮನಿಗೆಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು! ಬಾವನ ಎದುರು ಕಂಬದ ಮರೆಯಲ್ಲಿ ನಿಲ್ಲುತ್ತಿದ್ದವಳು ಈಗ ಕುರ್ಚಿಯಲ್ಲಿ ಕೂತು ಮೂಡಲ ದಿಕ್ಕು ನೋಡುತ್ತಿದ್ದಳು. ತಡವಾಗಿ ಬಿತ್ತಿದ ಕಡಲೆಕಾಯಿ ಇನ್ನೂ ಕೀಳುವುದಿತ್ತು, ಅದಕ್ಕೆ ಕೇಳಲು ಬಂದವರು ಅಂಗಳದಲ್ಲಿ ಕಾದಿದ್ದರು. ಹೊತ್ತು ಮುಳುಗುತ್ತಿತ್ತು, ಚಂದ್ರ ಹುಟ್ಟುತ್ತಿದ್ದ. ದೊಡ್ಡಮ್ಮ ತುಳಸಿಕಟ್ಟೆಯ ಸುತ್ತ ದೀಪ ಹಚ್ಚಿದಳು.

“ಐತೆ,” ಎಂದಳು ಅಮ್ಮ. “ಚಂದ್ರಂಗೂ ಐತೆ. ದೀಪಕ್ಕೂ ಐತೆ. ಒಂದೊಂದು ದೀಪಕ್ಕೂ ಕಾಮನಬಿಲ್ಲು ಸುತ್ಕೊಂಡೈತೆ, ಎಷ್ಟು ಚಂದಾಗೈತೆ ಗೊತ್ತಾ!”

ಜನ ಕೈಮುಗಿದರು. ನಾನು ತಲೆ ಎತ್ತಿ ನೋಡಿದೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಎಣ್ಣೆಯ ದೀಪಕ್ಕೆ ಅಂಗಳದಲ್ಲಿ ಗುಡಿ ಕಟ್ಟುವುದಕ್ಕೆ ಮಳೆ ಎಲ್ಲಿದೆ, ಹಿಮ ಎಲ್ಲಿದೆ? ನಾನು ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, “ಅಮ್ಮಾ, ಹೆಬ್ಬೆರಳು ಅಡ್ಡ ಇಟ್ಟು ಚಂದ್ರನ್ನ ಮುಚ್ಚು. ಈಗ ಗುಡಿ ಇದೆಯಾ?” ಎಂದೆ.

ಅವಳು ಬೆರಳು ಚಾಚಿ ಮುಚ್ಚಿದಳು. “ಇಲ್ಲ. ಅದೂ ಹೋಯ್ತು.”

ಆಕಾಶದ ಗುಡಿಯಾಗಿದ್ದರೆ ಚಂದ್ರನನ್ನು ಮುಚ್ಚಿದರೂ ಸುತ್ತಲಿನ ಬಳೆ ಇದ್ದೇ ಇರುತ್ತಿತ್ತು. ದೀಪಕ್ಕೂ ಹಾಗೆಯೇ ಮಾಡಿಸಿದೆ. ಅದೂ ಹೋಯಿತು. ಬೆಳಕು ಕಣ್ಣಿಗೆ ಬಿದ್ದಾಗ ಮಾತ್ರ ಇದ್ದು, ಬೀಳದಿದ್ದಾಗ ಇಲ್ಲದ್ದು ಆಕಾಶದಲ್ಲಿರಲು ಸಾಧ್ಯವಿಲ್ಲ. ಅದು ಅವಳ ಕಣ್ಣಿನಲ್ಲೇ ಇತ್ತು.

ಅಲ್ಲೇ ಎಲ್ಲರ ಮುಂದೆ ಹೇಳಿದೆ. ಇದು ಗುಡಿಯಲ್ಲ, ಕಣ್ಣಿನ ರೋಗ, ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಒಬ್ಬ ಮುದುಕ ಮೆಲ್ಲಗೆ ನಕ್ಕ. ದೊಡ್ಡಪ್ಪ ನಗಲಿಲ್ಲ.

“ಇಸ್ಕೂಲ್ ಮಾತು ಇಸ್ಕೂಲಲ್ಲಿ ಇಟ್ಕಳಮ್ಮ. ನಿನ್ನ ಪುಸ್ತಕ ಹೇಳುದ್ದು ಒಂದಿನಾದ್ರೂ ಮಳೆ ಆಗೈತಾ? ನಿಮ್ಮಮ್ಮ ಹೇಳುದ್ದು ಆಗೈತೆ.”

“ದೊಡ್ಡಪ್ಪ, ಕಣ್ಣು ಹೋಗುತ್ತೆ.”

“ಹೋಗ್ಲಿ ಅಂದೋರ್ಯಾರು? ಕರ್ಕೊಂಡ್ಹೋಗುವಂತೆ. ಕಾಯಿ ಮೆದೆಗೆ ಬರ್ಲಿ. ಇನ್ನೊಂದು ವಾರ, ಅಷ್ಟೇ.”

ನಾನು ಅಮ್ಮನ ಕಡೆ ತಿರುಗಿದೆ. ಅವಳು ನನ್ನ ಕಡೆ ನೋಡದೆ, “ಸುಮ್ಕಿರೇ, ದೊಡ್ಡೋರ ಮುಂದೆ ಏನು ಮಾತು. ನನಗೇನೂ ಆಗಿಲ್ಲ” ಎಂದಳು. ಸಂಜೆ ಹೊತ್ತು ಎಡಗಡೆ ಹುಬ್ಬಿನ ಮೇಲೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ನೋಯುತ್ತದೆ, ಮಲಗಿ ಎದ್ದರೆ ಹೋಗುತ್ತದೆ ಎಂದು ಒಳಗೆ ಹೋದ ಮೇಲೆ ಒಪ್ಪಿಕೊಂಡಳು. “ನೋವು ಬಂದ್ರೇನೇ ಗುಡಿ ಕಾಣೋದು ಕಣೇ. ಇದೊಂದು ದೇವರು ಕೊಟ್ಟಿದ್ದು.” ಬಾ ಎಂದು ಕೈ ಹಿಡಿದು ಎಳೆದೆ. ಬರಲಿಲ್ಲ. ಮದುವೆಯಾಗಿ ಬಂದಂದಿನಿಂದ ಕಂಬದ ಮರೆಯಲ್ಲಿ ನಿಂತವಳನ್ನು ಕುರ್ಚಿಯಿಂದ ಏಳಿಸುವುದು ಸುಲಭವಲ್ಲ. ಅಂದು ಅವಳ ಮೇಲೂ ನನಗೆ ಕೆಟ್ಟ ಸಿಟ್ಟು ಬಂತು, ಮಾರನೆಯ ದಿನ ಒಬ್ಬಳೇ ಹಿಂದೂಪುರಕ್ಕೆ ಹಿಂತಿರುಗಿದೆ.

ಅವರ ಅದೃಷ್ಟಕ್ಕೋ ನನ್ನ ದುರದೃಷ್ಟಕ್ಕೋ, ಸಮುದ್ರದ ಕಡೆ ತುಫಾನು ಎದ್ದು ಆ ವಾರವೇ ಮಳೆ ಹಿಡಿಯಿತು. ಊರಿನಲ್ಲಿ ಅಮ್ಮನಿಗೆ ಇನ್ನಷ್ಟು ಹೆಸರು ಬಂತು. ಹಗಲೆಲ್ಲ ಕತ್ತಲೆ ಕವಿದಂತೆ ಮೋಡ, ಕರೆಂಟು ಇಲ್ಲ. ಅಮ್ಮ ಬೆಳಕಿಲ್ಲದ ಒಳಕೋಣೆಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ತಲೆ ಹಿಡಿದುಕೊಂಡು ಬಿದ್ದಳು, ವಾಂತಿ ಮಾಡಿದಳು. ವಾಂತಿ ಅಂದ ಕೂಡಲೇ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು ಒಂದೇ ಕಾಯಿಲೆ, ಗ್ಯಾಸು. ನಿಂಬೆಹಣ್ಣು ಹಿಂಡಿ ಸೋಡಾ ಕುಡಿಸಿದರು. ಊರಿನಲ್ಲಿ ಸೂಜಿ ಹಾಕುವವನು ಬಂದು ಸೊಂಟಕ್ಕೆ ಒಂದು ಸೂಜಿ ಹಾಕಿದ. ಕಣ್ಣು ಕೆಂಡದಂತೆ ಕೆಂಪಾಗಿದ್ದನ್ನು ವಾಂತಿಯ ಸುಸ್ತು ಎಂದರು. ಮರುದಿನ ದೊಡ್ಡಮ್ಮ ಹೆದರಿಕೊಂಡು ಫೋನು ಮಾಡಿದಳು. “ಎಡಗಣ್ಣು ಮುಚ್ಚಿ ಬುಟ್ರೆ ನನ್ನ ಮಖ ಕಾಣ್ತೈತೆ ಅಂತಾಳೆ. ಬಲಗಣ್ಣು ಮುಚ್ಚುದ್ರೆ ಏನೂ ಇಲ್ಲವಂತೆ ಕಣಮ್ಮ, ಬಾ.”

ಬೆಳಗಿನ ಬಸ್ಸಿಗೆ ಹೊರಟು ಹೋಗಿ, ಯಾರನ್ನೂ ಕೇಳದೆ ಅಮ್ಮನನ್ನು ಎಬ್ಬಿಸಿಕೊಂಡು ಬಂದೆ. ದೊಡ್ಡಪ್ಪ ಬಾಗಿಲಲ್ಲಿ ನಿಂತು, “ಹುಷಾರು” ಎಂದ. ಯಾರಿಗೆ ಹೇಳಿದನೋ, ಗೋಡೆಗೆ ಇರಬೇಕು. ಕಲ್ಯಾಣದುರ್ಗದಲ್ಲಿ ಟಾರ್ಚು ಹಾಕಿ ನೋಡಿದ ಡಾಕ್ಟರು ಮಾತ್ರೆ ನುಂಗಿಸಿ, ತಡ ಮಾಡದೆ ದೊಡ್ಡ ಕಣ್ಣಿನ ಆಸ್ಪತ್ರೆಗೆ ಹೋಗಿ ಎಂದರು. ಹಿಂದೂಪುರದ ಬಸ್ಸು ಹತ್ತಿದೆವು.

ದಾರಿಯಲ್ಲಿ ರೊದ್ದಂ ದಾಟಿದ ಮೇಲೆ ಮಳೆ ಮತ್ತೆ ಹನಿಯಿತು. ಬಲಗಡೆ ಪಡುವಲಲ್ಲಿ ಮೋಡ ಒಂದಿಷ್ಟು ಬಿರುಕು ಬಿಟ್ಟು, ಮುಳುಗುವ ಹೊತ್ತಿನ ಬೆಳಕು ಅಡ್ಡಡ್ಡ ನುಗ್ಗಿತು. ನಮ್ಮ ಎಡಗಡೆಯ ಕಿಟಕಿಯಲ್ಲಿ ಬಿಲ್ಲು ಎದ್ದಿತು. ಒಂದೇ ಬಣ್ಣ, ಕಡುಕೆಂಪು. ಹೊತ್ತು ನೆಲಕ್ಕೆ ತಾಗಿಕೊಂಡಿದ್ದರಿಂದ ಬಿಲ್ಲು ಅರ್ಧ ಆಕಾಶದಷ್ಟು ಎತ್ತರ. ಬಸ್ಸಿನಲ್ಲಿದ್ದವರೆಲ್ಲ ಎದ್ದು ಬಗ್ಗಿದರು, ಫೋನು ತೆಗೆದರು. “ಏಮಿದಿ ಇಂತ ಎರ್ರಗಾ!” ಎಂದು ಒಬ್ಬಳು ಆ ಕೆಂಪಿಗೆ ಬೆರಗಾಗಿ ಕೂಗಿದಳು. ಪುಸ್ತಕದಲ್ಲಿ ಓದಿ ಓದಿ ಹೇಳಿದ್ದನ್ನು ಮೊದಲ ಸಲ ಕಣ್ಣಾರೆ ನೋಡುತ್ತಿದ್ದೆ. ಅಮ್ಮನ ಎಡಗಣ್ಣು ಕಿಟಕಿಯ ಕಡೆಗಿತ್ತು.

“ಏನಂತೆ ಎಲ್ರೂ?” ಎಂದಳು.

“ಕಾಮನಬಿಲ್ಲು.”

“ಎಲ್ಲಿ?” ಎಂದು ಕತ್ತು ಪೂರ್ತಿ ತಿರುಗಿಸಿ ಬಲಗಣ್ಣಿನಿಂದ ಹುಡುಕಿದಳು. ಅವಳು ಹುಡುಕುವಷ್ಟರಲ್ಲಿ ಹೊತ್ತು ಮುಳುಗಿತು, ಬಿಲ್ಲು ಆರಿತು. ಆಗ ಬಸ್ಸಿನ ಒಳಗಿನ ದೀಪ ಹತ್ತಿಸಿದರು. ಅಮ್ಮ ಅದನ್ನು ನೋಡಿ ಸಮಾಧಾನದಿಂದ, “ಇಲ್ಲೈತಲ್ಲ” ಎಂದಳು. ಇರುವ ಬಿಲ್ಲು ಕಾಣದು, ಇಲ್ಲದ ಬಿಲ್ಲು ಕಾಣುತ್ತದೆ. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಹಿಂದೂಪುರದ ಡಾಕ್ಟರು ತಾಳ್ಮೆಯವರು, ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ತೋರಿಸಿದರು. ಕಣ್ಣೊಳಗೆ ಸದಾ ನೀರು ಹುಟ್ಟುತ್ತದೆ, ಒಂದು ಮೂಲೆಯಿಂದ ಹರಿದುಹೋಗುತ್ತದೆ. ಅಮ್ಮನ ಕಣ್ಣಲ್ಲಿ ಆ ಮೂಲೆ ಹುಟ್ಟಿನಿಂದಲೇ ಇಕ್ಕಟ್ಟು. ಬೆಳಕು ಮಂಕಾದಾಗ ಕಣ್ಣಿನ ಪಾಪೆ ಅಗಲವಾಗಿ ಆ ದಾರಿ ಮುಚ್ಚಿಕೊಳ್ಳುತ್ತದೆ, ನೀರು ನಿಂತು ಒತ್ತಡ ಏರುತ್ತದೆ. ಕಣ್ಣಿನ ಮುಂದಿನ ಗಾಜಿನಂಥ ಪದರದಲ್ಲಿ ಸಣ್ಣ ಸಣ್ಣದಾಗಿ ನೀರು ತುಂಬಿ, ಅದರ ಮೂಲಕ ಬರುವ ಬೆಳಕು ಬಣ್ಣ ಬಣ್ಣವಾಗಿ ಒಡೆದು ಉಂಗುರವಾಗುತ್ತದೆ.

“ಸಂಜೆ ಹೊತ್ತು, ಮೋಡ ಮುಚ್ಚಿದ ದಿನ, ಕತ್ತಲೆ ಕೋಣೆ. ಆಗಲೇ ಹೆಚ್ಚಾಗಿ ಕಂಡಿರಬೇಕು, ಅಲ್ಲವಾ?” ಎಂದು ಕೇಳಿದರು.

ಹೌದು ಎಂದೆ. ಮೋಡ ಮುಚ್ಚಿದ ದಿನ! ಅಮ್ಮನ ಮಾತು ಯಾಕೆ ನಿಜವಾಗುತ್ತಿತ್ತು ಎಂದು ಅಲ್ಲಿ ಆ ಸ್ಟೂಲಿನ ಮೇಲೆ ಕೂತಾಗ ಅರ್ಥವಾಯಿತು. ಮೋಡ ಕವಿದು ಬೆಳಕು ಕುಗ್ಗಿದಾಗಲೆಲ್ಲ ಅವಳ ಕಣ್ಣು ಕಟ್ಟಿಕೊಳ್ಳುತ್ತಿತ್ತು, ಕಟ್ಟಿಕೊಂಡಾಗ ಗುಡಿ ಕಾಣುತ್ತಿತ್ತು, ಮೋಡ ಇದ್ದದ್ದರಿಂದ ಮಳೆಯೂ ಬರುತ್ತಿತ್ತು. ಊರಿನವರು ಕಡಲೆಕಾಯಿ ಉಳಿಸಿಕೊಂಡ ಪ್ರತಿ ಸಲವೂ ಅವಳ ಎಡಗಣ್ಣಿನಲ್ಲಿ ಒಂದಿಷ್ಟು ಸತ್ತಿತ್ತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಇಲಿಯೂ ಆಟವೆಂದುಕೊಂಡಿತ್ತು.

ಎಡಗಣ್ಣು ಹೋಗಿತ್ತು. ಬಲಗಣ್ಣಿಗೆ ಲೇಸರ್ ಮಾಡಿ ದಾರಿ ಬಿಡಿಸಿದರು. ಅದೂ ಸಾಕಷ್ಟು ಪೆಟ್ಟು ತಿಂದಿದೆ, ದಿನಾ ತಪ್ಪದೆ ಹನಿ ಔಷಧ ಹಾಕಬೇಕು, ಸಾಯುವವರೆಗೂ ಹಾಕಬೇಕು, ಮತ್ತೆ ಬಣ್ಣದ ಉಂಗುರ ಕಂಡರೆ ಕೂಡಲೇ ಬರಬೇಕು ಎಂದರು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದು ನಾನು ಸಮಾಧಾನ ಮಾಡಿಕೊಂಡೆ. ನಮ್ಮ ಮನೆಯಲ್ಲಿಟ್ಟುಕೊಂಡು ನಾನೇ ಹನಿ ಹಾಕಿದೆ. ಅಮ್ಮ ಕಿಟಕಿಯ ಹತ್ತಿರ ಕೂತು ಬೀದಿದೀಪ ಹತ್ತುವುದನ್ನೇ ಕಾಯುತ್ತಿದ್ದಳು. ಹತ್ತಿದ ಮೇಲೆ ನೋಡಿ, “ಬರೀ ದೀಪ” ಎನ್ನುತ್ತಿದ್ದಳು. ನನ್ನ ಗಂಡ, “ಇನ್ನೇನು ಬೇಕಿತ್ತು ಅತ್ತೆ?” ಎಂದು ತಮಾಷೆ ಮಾಡಿದರೆ ಕಿಟಕಿ ಮುಚ್ಚಿ ಎದ್ದುಬಿಡುತ್ತಿದ್ದಳು.

ಇಲ್ಲಿಯೇ ಇರು ಎಂದರೆ ಕೇಳಲಿಲ್ಲ. ಮಗಳ ಮನೆಯಲ್ಲಿ ಎಷ್ಟು ದಿನ ಇರಲಿ, ಅಲ್ಲಿ ಕೇಳುವವರಿದ್ದಾರೆ ಎಂದಳು. ಬೇಸಿಗೆಯಲ್ಲಿ ಬಿಟ್ಟುಬಂದೆ. ದೊಡ್ಡಮ್ಮನಿಗೆ ಹನಿ ಹಾಕುವುದನ್ನು ತೋರಿಸಿದರೆ, “ನಾನೇ ಹಾಕ್ಕೋತೀನಿ ಬುಡು, ಅಕ್ಕಂಗ್ಯಾಕೆ ತೊಂದ್ರೆ” ಎಂದು ಅಮ್ಮ ಸೀಸೆ ಇಸಿದುಕೊಂಡಳು.

ಮಳೆಗಾಲ ಬಂದಾಗ ಜನ ಬಂದರು. ಅಮ್ಮ ನಿಜ ಹೇಳಿದಳು, ಏನೂ ಕಾಣುತ್ತಿಲ್ಲ ಎಂದಳು. ಮಳೆ ಬಂತು. ಇನ್ನೊಂದು ಸಲ ಕೇಳಿದರು, ಆಗಲೂ ಕಾಣಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಬರುವುದು ನಿಂತಿತು. “ಆಪರೇಸನ್ ಮಾಡ್ಸಿ ಇದ್ದಿದ್ದನ್ನೂ ಕೆಡಿಸಿದ್ರು” ಎಂದು ನನ್ನ ಮೇಲೆ ದೂರು ಹೊರಟಿತು. ಆಡಿದವನು ದೊಡ್ಡಪ್ಪ ಅಲ್ಲ ಎಂದು ದೊಡ್ಡಮ್ಮ ಆಣೆ ಮಾಡಿದಳು, ನಾನು ನಂಬಲಿಲ್ಲ. ಜಗಲಿಯ ಕುರ್ಚಿಯಲ್ಲಿ ಗೊಬ್ಬರದ ಮೂಟೆ ಕೂತಿತು. ನೀರು ಬೇಕಾದರೆ ದೊಡ್ಡಪ್ಪ ಮತ್ತೆ ಗೋಡೆಗೆ ಹೇಳತೊಡಗಿದ. ಇದನ್ನೆಲ್ಲ ದೊಡ್ಡಮ್ಮನೇ ಹೇಳಿದ್ದು. ಅಮ್ಮನ ಫೋನು ಮತ್ತೆ ಚೆನ್ನಾಗಿದೀಯಾ, ಉಂಡ್ಯಾ, ಇಡ್ತೀನಿ.

ಹನಿ ಹಾಕ್ಕೊಂಡ್ಯಾ ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ. ಹಾಕ್ಕೊಂಡೆ ಎನ್ನುತ್ತಿದ್ದಳು.

ಮೊನ್ನೆ ಕಡಲೆಕಾಯಿ ಕೀಳುವ ದಿನಗಳಲ್ಲಿ ಒಂದು ಮಧ್ಯಾಹ್ನ ಅವಳೇ ಫೋನು ಮಾಡಿದಳು. ದನಿಯಲ್ಲಿ ಹಿಗ್ಗು. “ಬಾವನೋರು ಮಾತಾಡ್ಸಿದ್ರು ಕಣೇ” ಎಂದಳು. ಯಾಕೆ ಎಂದು ಕೇಳದೆಯೇ ನನಗೆ ಗೊತ್ತಾಯಿತು. ಶಾಲೆಗೆ ಅರ್ಧ ದಿನ ರಜೆ ಹೇಳಿ ಬಸ್ಸು ಹತ್ತಿದೆ.

ಮನೆ ಮುಟ್ಟಿದಾಗ ಸಂಜೆ. ಮೋಡ ಮುಚ್ಚಿತ್ತು. ಅಮ್ಮ ಒಳಕೋಣೆಯಲ್ಲಿ ದೀಪ ಹಾಕದೆ ಕೂತಿದ್ದಳು. ನಾನು ಕಳಿಸಿದ್ದ ಹನಿ ಔಷಧದ ಸೀಸೆಗಳು ಗೂಡಿನಲ್ಲಿದ್ದವು, ಮುಚ್ಚಳದ ಸೀಲು ಒಡೆದಿರಲಿಲ್ಲ. ಬಲಗಣ್ಣು ಕೆಂಪಗಿತ್ತು.

“ಯಾಕಮ್ಮಾ?” ಎಂದೆ. ಬೈಯಬೇಕೆಂದೇ ಬಂದಿದ್ದೆ.

“ಹಾಕ್ಕೊಂಡ್ರೆ ಗುಡಿ ಕಾಣಲ್ಲ ಕಣೇ.”

“ಕಾಣಬಾರದು ಅಂತಲೇ ಹಾಕೋದು. ಇರೋದು ಒಂದೇ ಕಣ್ಣು. ಇದೂ ಹೋದ್ರೆ?”

“ಕಣ್ಣಿದ್ದಾಗ ಏನು ನೋಡ್ದೆ? ಇದೇ ಗೋಡೆ, ಇದೇ ಒಲೆ. ಗುಡಿ ಕಂಡ್ರೆ ನಾಕ್ ಜನ ಮಾತಾಡಿಸ್ತಾರೆ.”

ಆ ಮನೆಗೆ ಬೆಂಕಿ ಬೀಳಲಿ ಅನ್ನಿಸಿತು. ಮಾತಾಡಿಸದೆ ಇದ್ದು ಇಷ್ಟು ವರ್ಷ ಕೊಂದರು, ಈಗ ಮಾತಾಡಿಸಿ ಕೊಲ್ಲುತ್ತಿದ್ದಾರೆ. ಸೀಸೆಯ ಸೀಲು ಹಲ್ಲಿನಲ್ಲಿ ಕಿತ್ತು, ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿದೆ. ಚಿಕ್ಕ ಮಗುವಿನ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

“ಹಾಕುವಂತೆ, ಬ್ಯಾಡ ಅನ್ನಲ್ಲ. ನಾಳೆ ನಿನ್ನ ಜೊತೇಲೇ ಬತ್ತೀನಿ, ಡಾಕ್ಟರತ್ರಾನೂ ಬತ್ತೀನಿ. ಇವತ್ತೊಂದಿನ ಬುಟ್ಬುಡು. ಈಗ ಬಾವನೋರು ಕೇಳಕ್ ಬತ್ತಾರೆ.”

ಹೊರಗೆ ಚಪ್ಪಲಿಯ ಸದ್ದಾಯಿತು. “ಏನಮ್ಮಾ, ಐತಾ?” ಎಂದು ದೊಡ್ಡಪ್ಪ ಕೇಳಿದ, ಗೋಡೆಯನ್ನಲ್ಲ.

ಅಮ್ಮ ನನ್ನ ಕೈ ಸರಿಸಿ ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಬಾಗಿಲ ಚೌಕಟ್ಟನ್ನು ತಡವಿ ಹುಡುಕಿ ಹಿಡಿದು, ಜಗಲಿಯ ಬಲ್ಬಿನ ಕಡೆ ಮುಖ ಮಾಡಿ ನಿಂತಳು.

“ಐತೆ ಬಾವಾ,” ಎಂದಳು. “ಈ ಸಲ ಬಲು ದೊಡ್ಡದಾಗೈತೆ.”